ಮಗನ ಖಾತೆಗೆ

ನಮ್ಮ ಬೀದಿ ತುದಿಯ ಬೇಕರಿಯವರು ಒಂದು ಮಾತಾಡುವ ಡಬ್ಬ ತಂದಿಟ್ಟಿದ್ದಾರೆ. ಯಾರಾದರೂ ಫೋನಿನಿಂದ ದುಡ್ಡು ಹಾಕಿದರೆ ಸಾಕು, ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಓದುವ ಹೆಂಗಸಿನ ಗಂಟಲಲ್ಲಿ ಅದು "ಎಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಬೀದಿಗೆಲ್ಲ ಸಾರುತ್ತದೆ. ಬೇಕರಿಯಿಂದ ನಮ್ಮ ಮನೆ ನಾಲ್ಕನೆಯದು. ಸಂಜೆ ಹೊತ್ತು ಅಪ್ಪ ಬಾಲ್ಕನಿಯಲ್ಲಿ ಕೂತಿರುತ್ತಾರೆ. ವಿಜಯನಗರದಲ್ಲಿ ಮೆಟ್ರೊ ಇಳಿದು ಬಂದ ನಾನು ಒಂದು ಖಾರಾ ಬನ್ನು, ಒಂದು ಹನಿ ಕೇಕು ತಿಂದು, ಮೀಸೆಗಂಟಿದ ಕೊಬ್ಬರಿಪುಡಿ ಒರೆಸಿಕೊಂಡು, ಹೊಟ್ಟೆ ಹಸಿದವನ ಮುಖ ಮಾಡಿ ಮೆಟ್ಟಿಲು ಹತ್ತುತ್ತೇನೆ. ಬಾಗಿಲಲ್ಲೇ ಪ್ರಶ್ನೆ.

"ಎಪ್ಪತ್ತು. ವಿವರ?"

"ತಿಂಡಿ, ಅಪ್ಪಾ."

"ತಿಂಡಿ ಬೆಳಿಗ್ಗೆ ಆಗಿದೆ. ಅವಲಕ್ಕಿ. ಇದು ಸಾದಿಲ್ವಾರು."

ಕಿರ್ದಿ ಪುಸ್ತಕದಲ್ಲಿ ಎಪ್ಪತ್ತು ರೂಪಾಯಿ ಸಾದಿಲ್ವಾರು ವೆಚ್ಚ ಅಂತ ಬೀಳುತ್ತದೆ. ಇಪ್ಪತ್ತೇಳು ವರ್ಷದ, ಎಂಜಿನಿಯರಿಂಗ್ ಓದಿದ, ತಿಂಗಳಿಗೆ 38,000 ರೂಪಾಯಿ ಕೈಗೆ ಬರುವ ಗಂಡಸು ಒಂದು ಹನಿ ಕೇಕನ್ನು ಗುಟ್ಟಾಗಿ ತಿನ್ನಲಾರದ ಸ್ಥಿತಿಗೆ ಬಂದಿದ್ದು ಹೇಗೆ ಅನ್ನುವುದೇ ಈ ಕಥೆ.

ಅಪ್ಪ ಖಜಾನೆ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿದವರು. ಅವರ ಮೇಜಿಗೆ ಹೋದ ಬಿಲ್ಲು ಒಂದೇ ಸಲಕ್ಕೆ ಪಾಸಾದ ಉದಾಹರಣೆ ಇಲ್ಲ ಅಂತ ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. "ವೋಚರ್ ಲಗತ್ತಿಸಿಲ್ಲ." "ಅಂಕಿಗೂ ಅಕ್ಷರಕ್ಕೂ ತಾಳೆಯಿಲ್ಲ." "ಸಹಿ ಮಾದರಿ ಸಹಿಗೆ ಹೋಲುತ್ತಿಲ್ಲ." ಆಕ್ಷೇಪಣೆ ಬರೆದು ವಾಪಸು ಕಳಿಸುವುದರಲ್ಲಿ ಅವರಿಗೆ ಸಂಗೀತಗಾರರಿಗೆ ಆಲಾಪನೆಯಲ್ಲಿ ಸಿಗುವಂಥ ಸುಖ. ಆಮೇಲೆ ಖಜಾನೆ-2 ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂತು. ಆ ಸುಖದ ಅರ್ಧ ಭಾಗ ಹೋಯಿತು. ಉಳಿದರ್ಧ ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆ ಮುಗಿಯಿತು. ಆರು ವರ್ಷ ಅಪ್ಪನಿಗೆ ಆಕ್ಷೇಪಿಸಲು ಒಂದು ಬಿಲ್ಲೂ ಸಿಗಲಿಲ್ಲ. ಅಮ್ಮನ ತರಕಾರಿ ಲೆಕ್ಕಕ್ಕೆ ಕೈ ಹಾಕಿ ಒಮ್ಮೆ ಸುಟ್ಟುಕೊಂಡಿದ್ದರು. ಅಂಥ ಬರಗಾಲದಲ್ಲಿ, 2023ರ ನವೆಂಬರಿನಲ್ಲಿ, ಎರಡು ಸೂಟ್‌ಕೇಸು ಮತ್ತು ಒಂದು ಎಸ್ಪ್ರೆಸೊ ಯಂತ್ರ ಹಿಡಿದುಕೊಂಡು ನಾನು ಮನೆಗೆ ವಾಪಸು ಬಂದೆ. ವೋಚರೇ ಇಲ್ಲದ ಬಿಲ್ಲು, ತಾನಾಗಿ ನಡೆದುಕೊಂಡು ಬಂದು ಮೇಜಿನ ಮೇಲೆ ಕೂತ ಹಾಗೆ.

ಸಾಲದ ಒಟ್ಟು ಮೊತ್ತ 2,62,000. ಒಂದು ಕ್ರೆಡಿಟ್ ಕಾರ್ಡಿನಲ್ಲಿ 1,42,000, ಇನ್ನೊಂದರಲ್ಲಿ 68,000, ಫೋನಿನ ಕಂತು ಇನ್ನೂ ಆರು ಬಾಕಿ, ಅದು 27,000. ಸ್ನೇಹಿತನಿಂದ ತಂದ ಕೈಸಾಲ 25,000.

ಹೇಗಾಯಿತು ಅಂತ ಕೇಳುವವರು ಏನಾದರೊಂದು ದುಃಖದ ಸಂಗತಿಗೆ ಸಿದ್ಧರಾಗಿ ಕೂತಿರುತ್ತಾರೆ. ಕಾಯಿಲೆ, ವ್ಯಾಪಾರದಲ್ಲಿ ನಷ್ಟ, ಕೊನೇಪಕ್ಷ ಪ್ರೇಮ. ನನ್ನದರಲ್ಲಿ ಅಂಥ ಘನತೆ ಏನೂ ಇಲ್ಲ. ವೈಟ್‌ಫೀಲ್ಡಿನ ಹತ್ತಿರ ಮೂವರು ಸೇರಿ ಫ್ಲಾಟ್ ಮಾಡಿದ್ದೆವು. ಎಲ್ಲಿಗೆ ಹೋದರೂ ಬಿಲ್ ಬಂದ ತಕ್ಷಣ "ನಾನು ಉಜ್ತೀನಿ ಬಿಡ್ರೋ" ಅಂತ ಕಾರ್ಡ್ ತೆಗೆಯುತ್ತಿದ್ದವನು ನಾನೇ. ದಾನಶೂರ ಕರ್ಣ ಅಂದುಕೊಳ್ಳಬೇಡಿ. ರಿವಾರ್ಡ್ ಪಾಯಿಂಟಿನ ಆಸೆ. ಗೋಕರ್ಣಕ್ಕೆ ಐದು ಜನ ಹೋದಾಗ ರೂಮು, ಕಾರು, ಊಟ ಎಲ್ಲ ನನ್ನ ಕಾರ್ಡಿನ ಮೇಲೆ. ಗೆಳೆಯರು ಪಾಪ, ಪ್ರಾಮಾಣಿಕರು. ಅವರವರ ಪಾಲನ್ನು ವಾರದೊಳಗೆ ನನ್ನ ಬ್ಯಾಂಕ್ ಖಾತೆಗೆ ಹಾಕಿದರು. ಖಾತೆಯಲ್ಲಿ ದುಡ್ಡು ಕಂಡ ಮೇಲೆ ನನಗೆ ಸಹಜವಾಗಿ ನಾನು ಅನುಕೂಲಸ್ಥ ಅನ್ನಿಸಿತು. ಆ ದುಡ್ಡಿನಲ್ಲಿ ಶೂ ತೆಗೆದುಕೊಂಡೆ. ತಿಂಗಳ ಕೊನೆಗೆ ಕಾರ್ಡಿನ ಬಿಲ್ ಬಂದಾಗ ಐದು ಜನರ ಗೋಕರ್ಣ ನನ್ನೊಬ್ಬನ ತಲೆಯ ಮೇಲಿತ್ತು, ಶೂ ಕಾಲಲ್ಲಿತ್ತು. ಪಾಯಿಂಟುಗಳನ್ನೆಲ್ಲ ಕೂಡಿಸಿ ಕೊನೆಗೆ ಬಂದದ್ದು ಒಂದು ನೀರಿನ ಬಾಟಲಿ. ಅಮ್ಮ ಅದರಲ್ಲಿ ಈಗ ಮನಿಪ್ಲಾಂಟ್ ಹಾಕಿದ್ದಾಳೆ. ಆ ಗಿಡ ಚೆನ್ನಾಗಿ ಬಂದಿದೆ.

ಬಿಲ್ಲಿನಲ್ಲಿ ದೊಡ್ಡ ಮೊತ್ತದ ಪಕ್ಕದಲ್ಲೇ ಒಂದು ಸಣ್ಣ ಮೊತ್ತ ಇರುತ್ತದೆ. 'ಕನಿಷ್ಠ ಪಾವತಿ'. ಸಾಲಗಾರನ ಪಾಲಿಗೆ ಅಷ್ಟು ಕರುಣೆಯ ಮಾತು ಇನ್ನೊಂದಿಲ್ಲ. 1,42,000 ಕೊಡಲಾಗದಿದ್ದರೆ ಪರವಾಗಿಲ್ಲ ಮರಿ, ಸದ್ಯಕ್ಕೆ 7,100 ಕೊಡು ಸಾಕು ಅಂತ ಅಜ್ಜಿ ಹೇಳಿದ ಹಾಗೆ ಕೇಳಿಸುತ್ತದೆ. ಎಂಟು ತಿಂಗಳು ನಾನು ಅಜ್ಜಿಯ ಮಾತು ಕೇಳಿದೆ. ಪ್ರತಿ ತಿಂಗಳೂ ಸಾಲ ತೀರಿಸುತ್ತಿದ್ದೇನೆ ಅನ್ನುವ ಸಮಾಧಾನದಲ್ಲಿ ಒಂದು ಸಿನಿಮಾ ಕೂಡ ನೋಡುತ್ತಿದ್ದೆ.

ಮನೆಗೆ ಬಂದ ಮೂರನೇ ದಿನ ಅಪ್ಪ ಆ ಬಿಲ್ಲನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಕೂತರು. ಹಿಂಬದಿಯ ಸಣ್ಣಕ್ಷರವನ್ನು ಇಡೀ ದೇಶದಲ್ಲಿ ಯಾರಾದರೂ ಪೂರ್ತಿ ಓದಿದ್ದರೆ ಅದು ನಮ್ಮಪ್ಪ ಒಬ್ಬರೇ ಇರಬೇಕು. ನನ್ನ ಕಾಲಿಗೆ ಮೇಜಿನ ಕೆಳಗೆ ಜೋಮು ಹಿಡಿಯುವಷ್ಟು ಹೊತ್ತು ಓದಿದರು.

"ತಿಂಗಳಿಗೆ ಮೂರೂವರೆ ಬಡ್ಡಿ. ಒಂದು ಲಕ್ಷ ನಲವತ್ತೆರಡು ಸಾವಿರಕ್ಕೆ 4,970. ಆ ಬಡ್ಡಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ, 895. ಒಟ್ಟು 5,865. ನೀನು ಕಟ್ಟಿದ 7,100ರಲ್ಲಿ ಅಸಲಿಗೆ ಹೋಗಿದ್ದು 1,235."

"ಹೌದಾ?" ಅಂದೆ. ನಿಜಕ್ಕೂ ಆಶ್ಚರ್ಯ.

"ಪೂರ್ತಿ ಬಾಕಿ ಕಟ್ಟದಿದ್ದರೆ ಹೊಸ ಖರ್ಚಿಗೂ ಬಡ್ಡಿ ಇಲ್ಲದ ನಲವತ್ತೈದು ದಿನ ಸಿಗಲ್ಲ ಅಂತ ಬರೆದಿದಾನೆ. ನೀನು ಉಜ್ಜಿದ ದಿನದಿಂದಲೇ ಬಡ್ಡಿ. ಇಲ್ನೋಡು, ಕಾಫಿ, 340. ಆ ಕಾಫಿ ಇಳಿದುಹೋಗಿ ಎಂಟು ತಿಂಗಳಾಯ್ತು, ಬಡ್ಡಿ ಇನ್ನೂ ಇಳಿದಿಲ್ಲ."

ಅಮ್ಮ ಅಡುಗೆಮನೆಯಿಂದ "ಕಾಫಿಗೆ ಮುನ್ನೂರ ನಲವತ್ತಾ?" ಅಂತ ಕೇಳಿದಳು. ಆಮೇಲೆ ಬಂದ ಯಾವ ಅಂಕಿಯೂ ಅವಳ ಕಿವಿಗೆ ಬೀಳಲಿಲ್ಲ. ಎರಡೂಮುಕ್ಕಾಲು ಲಕ್ಷದ ಹತ್ತಿರದ ಸಾಲ ಅವಳ ಪಾಲಿಗೆ ಒಂದು ಅಮೂರ್ತ ವಿಷಯ. ಮುನ್ನೂರ ನಲವತ್ತರ ಕಾಫಿ ಹಾಗಲ್ಲ. ಇವತ್ತಿಗೂ ಬೆಳಿಗ್ಗೆ ಲೋಟ ಮುಂದಿಡುವಾಗ "ತಗೋ, ಮುನ್ನೂರ ನಲವತ್ತು" ಅಂತಲೇ ಇಡುತ್ತಾಳೆ.

ಅಪ್ಪ ಕನ್ನಡಕ ತೆಗೆದರು. "ನಮ್ಮೂರಲ್ಲಿ ಒಬ್ಬ ಸಾವುಕಾರ ಇದ್ದ. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಊರೆಲ್ಲ ಅವನನ್ನ ರಕ್ತ ಹೀರೋನು ಅಂತಿದ್ರು. ಅವನ ಮುಖ ನೋಡಿದ್ರೆ ಆ ದಿನ ಬಿತ್ತನೆ ಮಾಡ್ತಿರಲಿಲ್ಲ. ನೀನು ಅವನಿಗಿಂತ ಅರ್ಧ ರೂಪಾಯಿ ಜಾಸ್ತಿ ಕೊಟ್ಟು, ಕಾರ್ಡಿನ ಮೇಲೆ ನಿನ್ನ ಹೆಸರು ಬೇರೆ ಉಬ್ಬಕ್ಷರದಲ್ಲಿ ಹಾಕಿಸ್ಕೊಂಡಿದೀಯ."

ಅಪ್ಪ ಜೀವನದಲ್ಲಿ ಸಾಲವನ್ನೇ ಮಾಡಿಲ್ಲ ಅನ್ನುವುದು ನಮ್ಮ ಮನೆಯ ಮುಖ್ಯ ಪುರಾಣ. ಪ್ರತಿ ವರ್ಷ ಸರ್ಕಾರದಿಂದ ಹಬ್ಬದ ಮುಂಗಡ ತೆಗೆದುಕೊಂಡು ಹತ್ತು ಕಂತಿನಲ್ಲಿ ಸಂಬಳದಿಂದ ಹಿಡಿಸುತ್ತಿದ್ದರಲ್ಲ ಅಂತ ಅಮ್ಮ ನೆನಪಿಸಿದಳು. "ಅದು ಮುಂಗಡ ಕಣೇ, ಸಾಲ ಅಲ್ಲ. ಬಡ್ಡಿ ಇಲ್ಲ" ಅಂದರು. ಮುಂಗಡಕ್ಕೂ ಸಾಲಕ್ಕೂ ಇರುವ ವ್ಯತ್ಯಾಸವನ್ನು ಅರ್ಧ ಗಂಟೆ ವಿವರಿಸಿದರು. ಆ ಅರ್ಧ ಗಂಟೆ ನನ್ನ ಪಾಲಿಗೆ ವಿರಾಮ.

ಆ ರಾತ್ರಿ ತೀರ್ಮಾನವಾಯಿತು. ಅಪ್ಪ ತಮ್ಮ ಎಫ್‌ಡಿ ಮುರಿದು ದೊಡ್ಡ ಕಾರ್ಡಿನ ಬಾಕಿ ಒಂದೇ ಏಟಿಗೆ ತೀರಿಸುವುದು, ನಾನು ಅವರಿಗೆ ಕಂತಿನಲ್ಲಿ ಕೊಡುವುದು. ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪನ ಕೈ ಹಿಡಿಯಲು ಹೋದೆ. ಕೈಯಲ್ಲಿ ಕ್ಯಾಲ್ಕುಲೇಟರ್ ಇತ್ತು.

"ಎಫ್‌ಡಿಗೆ ನನಗೆ ನೂರಕ್ಕೆ ಏಳು ಬರ್ತಿತ್ತು. ಅವಧಿಗೆ ಮುಂಚೆ ಮುರಿದ್ರೆ ಒಂದು ಪರ್ಸೆಂಟ್ ದಂಡ. ಏಳೂ ಒಂದೂ ಎಂಟು. ವರ್ಷಕ್ಕೆ ನೂರಕ್ಕೆ ಎಂಟರಂತೆ ಹದಿನೆಂಟು ತಿಂಗಳು. ಕಂತು 8,398."

"ಮಗನ ಹತ್ರ ಬಡ್ಡಿ ತಗೋತೀರೇನ್ರೀ?" ಅಂತ ಅಮ್ಮ.

"ಮಗ ಬ್ಯಾಂಕಿಗೆ ನಲವತ್ತೆರಡು ಕೊಡ್ತಿದ್ದಾಗ ನೀನು ಕೇಳ್ಲಿಲ್ಲ."

ಮರುದಿನ ಅಪ್ಪ ಅಂಚೆ ಕಚೇರಿಗೆ ಹೋಗಿ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ತಂದರು. ಪ್ರೋನೋಟನ್ನು ತಾವೇ, ಇಂಕ್ ಪೆನ್ನಿನಲ್ಲಿ, ಗುಂಡಗೆ ಬರೆದರು. 'ಕೇಳಿದಾಗ ಕೊಡುತ್ತೇನೆಂದು ಒಪ್ಪಿ ಬರೆದುಕೊಟ್ಟ' ಅಂತ ಮೊದಲಾಗಿ, ನನ್ನ ಹೆಸರು, ನನ್ನ ತಂದೆಯ ಹೆಸರು (ಅಂದರೆ ಅವರದೇ), ವಾಸದ ಸ್ಥಳ (ಅಂದರೆ ಪಕ್ಕದ ರೂಮು). ಸ್ಟ್ಯಾಂಪಿನ ಮೇಲೆ ಅಡ್ಡಲಾಗಿ ಸಹಿ ಹಾಕಿಸಿದರು. ಸಹಿ ಪ್ಯಾನ್ ಕಾರ್ಡಿನ ಸಹಿಗೆ ಹೋಲುವುದಿಲ್ಲ ಅಂತ ಒಂದು ಆಕ್ಷೇಪಣೆ ಬಂತು. ಕೆಳಗೆ ಇನ್ನೊಂದು ಮಾದರಿ ಸಹಿ ಹಾಕಿದೆ. ಸಾಕ್ಷಿ ಬೇಕು ಅಂದರು. ಕಾನೂನಿಗೆ ಬೇಕಿಲ್ಲ, ಅವರಿಗೆ ಬೇಕು. ಅಮ್ಮ ಒಗ್ಗರಣೆ ಕೈಯಲ್ಲೇ ಬಂದು ಸಹಿ ಹಾಕಿದ್ದಕ್ಕೆ ಆ ಪತ್ರದ ಒಂದು ಮೂಲೆಗೆ ಇಂಗಿನ ವಾಸನೆ. "ಮೂರು ವರ್ಷಕ್ಕೆ ಕಾಲಮಿತಿ. 1963ರ ಕಾಯ್ದೆ. ಅಷ್ಟರೊಳಗೆ ನೀನು ಕೊಡದಿದ್ರೆ ದಾವಾ ಹೂಡಬೇಕಾಗುತ್ತೆ" ಅಂದರು. ನಕ್ಕೆ. ಅಪ್ಪ ನಗಲಿಲ್ಲ.

ಇನ್ನು 68,000ದ ಕಾರ್ಡು. ಅದನ್ನು ತೀರಿಸಿದ್ದು ಅಮ್ಮನ ಚೀಟಿ. ಮತ್ತು ಅದರ ಖ್ಯಾತಿ ನಾನು ವಿಜಯನಗರದಲ್ಲಿರುವವರೆಗೆ ನನ್ನನ್ನು ಬಿಡುವಂತೆ ಕಾಣುವುದಿಲ್ಲ.

ನಮ್ಮ ಬೀದಿಯ ಹೆಂಗಸರದು ಇಪ್ಪತ್ತು ಜನರ ಚೀಟಿ, ತಿಂಗಳಿಗೆ ಐದು ಸಾವಿರ, ಒಟ್ಟು ಒಂದು ಲಕ್ಷ. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂಲೆಮನೆ ಆಂಟಿಯ ಹಾಲಿನಲ್ಲಿ ಕೂಗು. ಯಾರಿಗೆ ದುಡ್ಡು ಬೇಕೋ ಅವರು ಎಷ್ಟು ಬಿಟ್ಟುಕೊಡುತ್ತಾರೆ ಅಂತ ಕೂಗಬೇಕು. ಹೆಚ್ಚು ಬಿಟ್ಟವರಿಗೆ ಚೀಟಿ, ಬಿಟ್ಟ ದುಡ್ಡು ಎಲ್ಲರಿಗೂ ಸಮನಾಗಿ ಹಂಚಿಕೆ. ಹಾಗಾಗಿ ಚೀಟಿಯಲ್ಲಿ ಒಂದು ಮರ್ಯಾದೆಯ ಮಿತಿ ಇದೆ. ಏಳನೇ ತಿಂಗಳಿಗೆ ಹದಿನೈದು, ಹೆಚ್ಚೆಂದರೆ ಹದಿನೆಂಟು ಸಾವಿರ ಬಿಡುವುದು ಗೌರವಸ್ಥರ ಲಕ್ಷಣ. ಅದಕ್ಕಿಂತ ಮೇಲೆ ಹೋದರೆ ಮನೆಯಲ್ಲಿ ಏನೋ ಆಗಿದೆ ಅಂತ ಅರ್ಥ.

ಅವತ್ತು ಕುರ್ಚಿ ಎತ್ತಿಡಲು ನಾನೂ ಹೋಗಿದ್ದೆ. ಕೋಡುಬಳೆ ತಟ್ಟೆ ಸುತ್ತುತ್ತಿತ್ತು. "ಹತ್ತು", "ಹನ್ನೆರಡು", "ಹನ್ನೆರಡೂವರೆ" ಅಂತ ತೂಕಡಿಕೆಯ ಧ್ವನಿಯಲ್ಲಿ ಕೂಗು ಸಾಗಿತ್ತು. ಅಮ್ಮ ಸೆರಗು ಸರಿಮಾಡಿಕೊಂಡು "ಇಪ್ಪತ್ತಾರು" ಅಂದಳು.

ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಎದುರುಮನೆ ಆಂಟಿಯ ಕೋಡುಬಳೆ ಬಾಯಿಗೆ ಎರಡು ಅಂಗುಲ ದೂರದಲ್ಲಿ ನಿಂತಿತು. ನಂತರ ಹತ್ತೊಂಬತ್ತು ತಲೆಗಳೂ ನಿಧಾನಕ್ಕೆ, ಕುರ್ಚಿ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದವು.

ಅಮ್ಮನ ಕೈಗೆ 74,000 ಬಂತು. 68,000 ಕಾರ್ಡಿಗೆ, ಉಳಿದ ಆರು ಸಾವಿರ ಅಮ್ಮನ ಸೇವಾಶುಲ್ಕ. ಮುಂದಿನ ಹದಿಮೂರು ಕಂತು ನಾನು ಕಟ್ಟಬೇಕು. ಬಿಟ್ಟ 26,000 ಇಪ್ಪತ್ತು ಪಾಲಾಗಿ ತಲಾ 1,300 ಹಂಚಿಕೆಯಾಯಿತು. ಅಂದರೆ ಆ ತಿಂಗಳು ನನ್ನ ಸಾಲದಿಂದ ನಮ್ಮ ಬೀದಿಯ ಹತ್ತೊಂಬತ್ತು ಮನೆ ಉದ್ಧಾರವಾದವು. ಅಲ್ಲಿಯವರೆಗೆ ನನ್ನನ್ನು ಕಂಡರೆ ಗೇಟ್ ಹಾಕಿಕೊಳ್ಳುತ್ತಿದ್ದ ಆಂಟಿಯರು ಈಗ ದಾರಿಯಲ್ಲಿ ನಿಲ್ಲಿಸಿ ಪ್ರೀತಿಯಿಂದ ಮಾತಾಡಿಸುತ್ತಾರೆ. "ಹೇಗಿದೀಯಪ್ಪಾ, ಇನ್ನೂ ಏನಾದ್ರೂ ಬಾಕಿ ಇದೆಯಾ?" ಅನ್ನುವ ಪ್ರಶ್ನೆಯಲ್ಲಿ ಕಾಳಜಿ ಎಷ್ಟು, ನಿರೀಕ್ಷೆ ಎಷ್ಟು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ಚೀಟಿಯನ್ನು ಅಮ್ಮ ಕಾಶಿಗೆ ಹೋಗಲು ಹಾಕಿದ್ದಳಂತೆ. ಇದು ನನಗೆ ತಿಳಿದದ್ದು ಆಮೇಲೆ, ಅದೂ ಅಪ್ಪನಿಂದ. ಅಮ್ಮನನ್ನು ಕೇಳಿದರೆ "ಕಾಶಿ ಎಲ್ಲಿಗೂ ಎದ್ದು ಹೋಗಲ್ಲ" ಅಂದು ಸೊಪ್ಪು ಬಿಡಿಸಿದಳು. ಅದರ ಬದಲಿಗೆ ಅವಳು ಕರ್ನಾಟಕವನ್ನೇ ಜಾಲಾಡತೊಡಗಿದಳು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಲ್ಲ. ಘಾಟಿ ಸುಬ್ರಹ್ಮಣ್ಯ, ನಂಜನಗೂಡು, ಧರ್ಮಸ್ಥಳ ಎಲ್ಲ ಆಯಿತು. ಹೋಗಿ ಬಂದಾಗಲೆಲ್ಲ ಆ ಶೂನ್ಯ ದರದ ಟಿಕೆಟ್ಟನ್ನು ತಂದು ಅಪ್ಪನ ಮುಂದೆ ಇಡುತ್ತಾಳೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡುವ ರೀತಿಯನ್ನು ನೀವು ನೋಡಬೇಕು. ಖರ್ಚೇ ಇಲ್ಲ, ಆದರೆ ವೋಚರ್ ಇದೆ! 34 ವರ್ಷದ ಸೇವೆಯಲ್ಲಿ ಅಂಥದ್ದೊಂದು ಅವರ ಮೇಜಿಗೆ ಬಂದಿರಲಿಲ್ಲ. "ಕಲಿತುಕೋ" ಅಂತ ಟಿಕೆಟ್ಟನ್ನು ನನ್ನ ಕಡೆ ತಿರುಗಿಸುತ್ತಾರೆ. ಏನು ಕಲಿಯಬೇಕು, ಹೆಣ್ಣಾಗಿ ಹುಟ್ಟುವುದನ್ನೇ?

ಮನೆಯಲ್ಲಿದ್ದರೆ ಬಾಡಿಗೆ ಉಳಿಯುತ್ತದೆ, ನಿಜ. ನನ್ನ ಪಾಲಿನ 13,000 ಉಳಿಯಿತು. ಆದರೆ ಬಾಡಿಗೆ ಕೇಳುವ ಮಾಲೀಕ ತಿಂಗಳಿಗೊಮ್ಮೆ ಮಾತ್ರ ಬರುತ್ತಾನೆ. ನೀವು ಯಾಕೆ ಹತ್ತು ನಿಮಿಷ ಗೀಸರ್ ಹಾಕಿದಿರಿ ಅಂತ ಬಾಗಿಲು ಬಡಿಯುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ 199 ರೂಪಾಯಿಯ ಚಾರ್ಜರ್ ವಯರನ್ನು ಡೆಲಿವರಿ ಹುಡುಗನ ಕೈಯಿಂದ ಇಸಿದುಕೊಂಡು, ಪೊಟ್ಟಣ ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ, "ಇದು ಅವಶ್ಯಕವೋ, ಅನುಕೂಲವೋ?" ಅನ್ನುವುದಿಲ್ಲ. ಎಸ್ಪ್ರೆಸೊ ಯಂತ್ರವನ್ನು ಮೊದಲ ವಾರವೇ ಹರಾಜಿಗಿಡಲಾಯಿತು. 18,500ಕ್ಕೆ ಕೊಂಡದ್ದು ಆರು ಸಾವಿರಕ್ಕೆ ಹೋಯಿತು. ಮಾರುವ ಮುಂಚೆ ಅಮ್ಮನಿಗೆ ಒಂದು ಲೋಟ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, "ಡಿಕಾಕ್ಷನ್ ಚೆನ್ನಾಗಿದೆ, ಕಾಫಿ ಯಾವಾಗ ಮಾಡ್ತೀಯ?" ಅಂದಳು. ಕೊಳ್ಳಲು ಬಂದ ಹುಡುಗನಿಗೆ ಅಪ್ಪ, ಐದು ಸಾವಿರ ಮೀರಿದ ರಸೀದಿ ಅಂತ, ರೆವಿನ್ಯೂ ಸ್ಟ್ಯಾಂಪ್ ಹಚ್ಚಿ ಕೊಟ್ಟರು. ಆ ಹುಡುಗ ಅದನ್ನು ಫೋಟೋ ತೆಗೆದುಕೊಂಡು ಹೋದ. ಯಂತ್ರವನ್ನಲ್ಲ, ರಸೀದಿಯನ್ನು.

ಊಟದ ಲೆಕ್ಕಕ್ಕೆ ಅಂತ ತಿಂಗಳಿಗೆ ಆರು ಸಾವಿರ ಅಮ್ಮನಿಗೆ ಕೊಡಬೇಕೆಂದು ಅಪ್ಪನ ಆದೇಶ. ಹೆತ್ತ ಮಗನಿಂದ ಅನ್ನಕ್ಕೆ ದುಡ್ಡೇ ಅಂತ ಅಮ್ಮ ಕಣ್ಣೊರೆಸಿಕೊಂಡೇ ಎಣಿಸಿ ತೆಗೆದುಕೊಂಡಳು. ನಂತರ ಅಪ್ಪ ಸ್ನಾನಕ್ಕೆ ಹೋದಾಗ ಅದರಲ್ಲಿ ಒಂದು ಐನೂರರ ನೋಟು ನನ್ನ ಜೇಬಿಗೆ ತುರುಕಿದಳು. ಇದು ತಿಂಗಳು ತಿಂಗಳೂ ನಡೆಯಿತು. ತೊಂದರೆ ಆದದ್ದು ಕಿರ್ದಿಗೆ. ಪ್ರತಿ ತಿಂಗಳ ಕೊನೆಗೆ ನನ್ನ ಖರ್ಚು ನನ್ನ ವರಮಾನಕ್ಕಿಂತ ಸರಿಯಾಗಿ ಐನೂರು ರೂಪಾಯಿ ಹೆಚ್ಚು ಬರುತ್ತಿತ್ತು. ಅಪ್ಪ ಮೂರು ತಿಂಗಳು ನಿದ್ದೆಗೆಟ್ಟರು. ಆಖೈರು ಶಿಲ್ಕು ತಾಳೆಯಾಗದೆ ರಾತ್ರಿ ಹನ್ನೊಂದಕ್ಕೆ ದೀಪ ಹಾಕಿ ಕೂಡುತ್ತಿದ್ದರು, ಕಳೆಯುತ್ತಿದ್ದರು. ನಾಲ್ಕನೇ ತಿಂಗಳು ಪೆನ್ನು ಕೆಳಗಿಟ್ಟು, ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, 'ವಿವರಣೆ ಅನವಶ್ಯಕ — 500' ಅಂತ ಬರೆದು ಮುಚ್ಚಿದರು. ಅಮ್ಮ ಟಿವಿಯ ಧ್ವನಿ ಹೆಚ್ಚಿಸಿದಳು.

ಅಪ್ಪನ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ಅವರು ಸುಳ್ಳು ಹೇಳುವುದಿಲ್ಲ. ಇದು ಕೇಳಲು ಚೆನ್ನಾಗಿರುತ್ತದೆ. ಸಾಲ ಮಾಡಿದ ಮಗನಿಗೆ ಅಂಥ ತಂದೆಯ ಜೊತೆ ಬದುಕುವುದು ಬೇರೆ ಮಾತು. ಎರಡನೇ ಕಾರ್ಡಿನ ಅರ್ಜಿಯಲ್ಲಿ ನಾನು ಅಪ್ಪನ ನಂಬರು ಕೊಟ್ಟಿದ್ದೆ. ಚೀಟಿ ಎತ್ತುವ ಮುಂಚೆ ಒಂದೆರಡು ಕಂತು ತಪ್ಪಿತ್ತು. ವಸೂಲಿಯವರು ಫೋನ್ ಮಾಡತೊಡಗಿದರು. ನಾನು ಸೋಫಾದ ಹಿಂದೆ ಕೂತು ಎರಡೂ ಕೈ ಆಡಿಸಿ 'ಇಲ್ಲ ಅನ್ನಿ, ಇಲ್ಲ ಅನ್ನಿ' ಅಂತ ಸನ್ನೆ ಮಾಡುತ್ತಿದ್ದರೆ ಅಪ್ಪ ಫೋನಿನಲ್ಲಿ, "ಇದಾನೆ. ಸೋಫಾದ ಹಿಂದೆ ಕೂತಿದಾನೆ. ಕೊಡ್ಲಾ?" ಅಂದರು.

ಇನ್ನೊಂದು ಸಲ ರಾತ್ರಿ ಏಳು ಇಪ್ಪತ್ತಕ್ಕೆ ಕರೆ ಬಂತು. ಅಷ್ಟರಲ್ಲಿ ಅಪ್ಪ ಓದಿಕೊಂಡಿದ್ದರು. "ನೋಡಿ ಸ್ವಾಮಿ, ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ವಸೂಲಿಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡೋ ಹಾಗಿಲ್ಲ. ನಿಮ್ಮ ವೇಳೆ ಮುಗಿದಿದೆ. ನಾಳೆ ಎಂಟು ಗಂಟೆಗೆ ಮಾಡಿ." ನನಗೆ ರೋಮಾಂಚನವಾಯಿತು. ಅಪ್ಪ ಅಂದರೆ ಅಪ್ಪ. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಎಂಟು ಗಂಟೆಗೇ ಮಾಡಿ. ಎಂಟೂವರೆಗೆ ಹುಡುಗ ತಪ್ಪಿಸ್ಕೊಂಡು ಆಫೀಸಿಗೆ ಹೋಗಿಬಿಡ್ತಾನೆ."

ಇದೇ ಸತ್ಯಸಂಧತೆ ಒಂದು ಸಂಬಂಧವನ್ನೂ ನುಂಗಿತು. ಸೋದರತ್ತೆ ತಂದ ಸಂಬಂಧ. ಹುಡುಗಿಯ ತಂದೆ ಮನೆಗೆ ಬಂದು ಉಪ್ಪಿಟ್ಟು ತಿಂದು, "ಹುಡುಗನ ಹೆಸರಲ್ಲಿ ಏನಾದರೂ ಇದೆಯಾ?" ಅಂತ ನಯವಾಗಿ ಕೇಳಿದರು. ಸೈಟು, ಫ್ಲಾಟು ಅನ್ನುವ ಅರ್ಥ. "ಇದೆ" ಅಂದರು ಅಪ್ಪ. ಅತ್ತೆಯ ಮುಖ ಅರಳಿತು. "ಒಂದು ಪ್ರೋನೋಟು ಇದೆ. ಚಾಲ್ತಿಯಲ್ಲಿದೆ. ಹನ್ನೊಂದು ಕಂತು ಬಾಕಿ. ಬೇಕಿದ್ರೆ ತೋರಿಸ್ತೀನಿ." ಅವರು ಬೇಡ ಅಂದರು. ಕಾಫಿಯನ್ನೂ ಬೇಡ ಅಂದರು.

ಕ್ರೆಡಿಟ್ ಸ್ಕೋರಿನ ಪ್ರಕರಣ ಮಾತ್ರ ಸ್ವಲ್ಪ ಗೌರವದಿಂದ ಆರಂಭವಾಯಿತು. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅಂತ 2017ರಿಂದ ನಿಯಮ ಇದೆ. ಪುಕ್ಕಟೆ ಅಂದಮೇಲೆ ಅಪ್ಪ ತರಿಸದೆ ಬಿಡುತ್ತಾರೆಯೇ? ಪ್ರಿಂಟ್ ತೆಗೆಸಿ ಅಂಕಪಟ್ಟಿ ಓದುವ ಹಾಗೆ ಓದಿದರು. "ಒಂಬೈನೂರಕ್ಕೆ ಆರುನೂರ ಹನ್ನೊಂದು. ಅರವತ್ತೆಂಟು ಪರ್ಸೆಂಟು ಹತ್ರ ಹತ್ರ. ಪರವಾಗಿಲ್ವೇ, ಫಸ್ಟ್ ಕ್ಲಾಸು!" ಎಂಜಿನಿಯರಿಂಗಿನಲ್ಲೂ ನನಗೆ ಅಷ್ಟು ಬಂದಿರಲಿಲ್ಲ. ಅಮ್ಮ ಸಂತೋಷಕ್ಕೆ ಒಂದು ಪಾವು ಶಾವಿಗೆ ಪಾಯಸ ಮಾಡಿದಳು. ಪಾಯಸ ಉಣ್ಣುತ್ತಾ ಅಪ್ಪ ವರದಿಯ ಕೆಳಭಾಗ ಓದಿದರು. ಸ್ಕೋರು ಶುರುವಾಗುವುದೇ 300ರಿಂದ. ಲೋಟ ಕೆಳಗಿಟ್ಟರು. "ಹೆಸರು ಬರೆದಿದ್ದಕ್ಕೇ ಮುನ್ನೂರು ಕೊಡ್ತಾನೆ. ಹಾಗಾದ್ರೆ ನಿಂದು ಆರುನೂರಕ್ಕೆ ಮುನ್ನೂರ ಹನ್ನೊಂದು. ಐವತ್ತೆರಡು." ಅಮ್ಮ ನನ್ನ ಎರಡನೇ ಲೋಟಕ್ಕೆ ಪಾಯಸ ಬಗ್ಗಿಸುತ್ತಿದ್ದವಳು ಅರ್ಧಕ್ಕೆ ಕೈ ತಡೆದಳು.

ಹದಿನೆಂಟು ತಿಂಗಳನ್ನು ಹೇಳುತ್ತಾ ಹೋದರೆ ಅದೂ ಒಂದು ಕಂತಿನ ಹಾಗೆ ಆಗುತ್ತದೆ. ಫೋನಿನ ಸಾಲ ಆರು ತಿಂಗಳಿಗೆ ತೀರಿತು. ಸ್ನೇಹಿತನ 25,000 ಐದು ಸಲಕ್ಕೆ ಕೊಟ್ಟೆ. ಕೊನೆಯ ಸಲ ಅವನೇ ಪಾರ್ಟಿ ಕೊಡಿಸಿದ, ಬಿಲ್ ಬಂದಾಗ ಅಭ್ಯಾಸಬಲದಿಂದ ನನ್ನ ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಅಮ್ಮನ ಐನೂರು ಬಿಟ್ಟರೆ ಏನೂ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊದವರು ಗರಿಷ್ಠ ದರವನ್ನು 60ರಿಂದ 90ಕ್ಕೆ ಏರಿಸಿದಾಗ ನಾನು ಅಪ್ಪನಿಗೆ ಪೂರಕ ಅಂದಾಜು ಸಲ್ಲಿಸಬೇಕಾಯಿತು. ವಿಜಯನಗರದಿಂದ ವೈಟ್‌ಫೀಲ್ಡಿಗೆ ಬೆಂಗಳೂರನ್ನೇ ಸೀಳಿಕೊಂಡು ಹೋಗುವವನು ನಾನು. "ಸ್ಮಾರ್ಟ್ ಕಾರ್ಡಿಗೆ ನೂರಕ್ಕೆ ಐದು ರಿಯಾಯಿತಿ ಇದೆ, ಅದನ್ನ ಕಳೆದು ತೋರಿಸಿಲ್ಲ" ಅಂತ ವಾಪಸು ಬಂತು. ತಿದ್ದಿ ಕೊಟ್ಟೆ. ಮಂಜೂರಾಯಿತು.

2025ರ ಮೇ ತಿಂಗಳಲ್ಲಿ ಕೊನೆಯ 8,398 ಕೊಟ್ಟೆ. ಅಪ್ಪ ಬೀರು ತೆಗೆದು ಪ್ರೋನೋಟನ್ನು ಹೊರಗೆ ತಂದರು. ಇಂಗಿನ ವಾಸನೆ ಇನ್ನೂ ಇತ್ತು. ಒಟ್ಟು 1,51,164 ಸಂದಿದೆ, ಅದರಲ್ಲಿ ಬಡ್ಡಿ 9,164 ಅಂತ ಓದಿ ಹೇಳಿದರು. ಆ ಕಾರ್ಡಿನವರು ಎರಡೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ತಿನ್ನುತ್ತಿದ್ದರು. ಬಿಡಿಬಿಡಿಯಾಗಿ ಲೆಕ್ಕ ಹಾಕಿದಾಗ ನಾನು ಒಂದು ರೂಪಾಯಿ ಹೆಚ್ಚು ಕೊಟ್ಟಿದ್ದೆನಂತೆ. ಕೈ ಚಾಚಿದೆ. "ರೆವಿನ್ಯೂ ಸ್ಟ್ಯಾಂಪಿಗೆ ವಜಾ" ಅಂದರು. ನೋಟಿನ ಮೇಲೆ ಓರೆಯಾಗಿ 'ಪೂರ್ತಿ ಸಂದಾಯವಾಗಿದೆ' ಅಂತ ಬರೆದು, ಸಹಿ ಮಾಡಿ, ತಾರೀಖು ಹಾಕಿ, ನನ್ನ ಕೈಗೆ ಕೊಟ್ಟರು. ಎಂಜಿನಿಯರಿಂಗ್ ಪದವಿ ತೆಗೆದುಕೊಂಡಾಗಲೂ ನನ್ನ ಕೈ ಅಷ್ಟು ನಡುಗಿರಲಿಲ್ಲ. ಹಿಂದೆಯೇ ಅಮ್ಮ, "ಹೊಸ ಚೀಟಿ ಶುರುವಾಗ್ತಿದೆ, ನಿನ್ನ ಹೆಸರು ಸೇರಿಸಿ ಬಂದೆ. ಕಾಶಿಗೆ ಮೂರು ಜನ ಹೋಗಬಹುದು" ಅಂದಳು. ಕೇಳಿ ಸೇರಿಸಬೇಕು ಅನ್ನುವ ನಿಯಮ ನಮ್ಮ ಮನೆಯಲ್ಲಿ ಇಲ್ಲ.

ಸ್ಕೋರು 752 ಆಯಿತು. ಅಪ್ಪನ ಲೆಕ್ಕದಲ್ಲಿ ಎಪ್ಪತ್ತೈದು ಪರ್ಸೆಂಟು. ಸ್ಕೋರು ಏರಿದ ಸುದ್ದಿ ಅದು ಹೇಗೋ ಬ್ಯಾಂಕುಗಳಿಗೆಲ್ಲ ಗೊತ್ತಾಗುತ್ತದೆ, ಹುಡುಗಿ ಮನೆಯವರಿಗೆ ಮಾತ್ರ ಗೊತ್ತಾಗುವುದಿಲ್ಲ. ಒಂದು ಶನಿವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಹುಳಿ ಮುಗಿದು ಮೊಸರಿಗೆ ಬಂದಿದ್ದೆವು. ಅಪ್ಪನ ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ಎತ್ತಿ ಸ್ಪೀಕರ್ ಹಾಕಿದರು. ಜೇನಿನಂಥ ಧ್ವನಿಯ ಹುಡುಗಿ. ನನ್ನ ಹೆಸರು ಹೇಳಿ, "ಸರ್ ಅವರಿಗೆ ಮೂರು ಲಕ್ಷ ಲಿಮಿಟ್ಟಿನ ಕಾರ್ಡು ಪ್ರೀ-ಅಪ್ರೂವ್ ಆಗಿದೆ, ಲೈಫ್‌ಟೈಮ್ ಫ್ರೀ. ಸರ್ ಇದಾರಾ?" ಅಂದಳು.

ನಾನು ಅಪ್ಪನಿಗೆ ಎರಡಡಿ ದೂರದಲ್ಲಿ, ತಟ್ಟೆಯ ಮೇಲೆ ಬಾಗಿ ಕೂತಿದ್ದೆ. ಮೂರು ಲಕ್ಷ ಅಂದದ್ದಕ್ಕೆ ನನ್ನ ಕತ್ತು, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಮೇಲೆದ್ದಿತು. ಅಪ್ಪ ನನ್ನನ್ನು ನೋಡಿದರು. ಕಲಸಿದ ಅನ್ನ ನೋಡಿದರು. ಫೋನು ನೋಡಿದರು.

"ಇಲ್ಲಮ್ಮ. ಊರಿಗೆ ಹೋಗಿದಾನೆ."

"ಯಾವಾಗ ಬರ್ತಾರೆ ಸರ್?"

"ಹೇಳಕ್ಕಾಗಲ್ಲ. ದೂರದ ಊರು."

ಫೋನ್ ಇಟ್ಟರು. ಅಮ್ಮನ ಕೈಯಲ್ಲಿ ಮೊಸರಿನ ಸೌಟು ಹಾಗೇ ನಿಂತಿತ್ತು.

"ಅರವತ್ತೇಳು ವರ್ಷಕ್ಕೆ ಸುಳ್ಳು ಹೇಳೋದು ಕಲಿತ್ರಲ್ರೀ!"

ಅಪ್ಪ ಉಪ್ಪಿನಕಾಯಿ ನೆಕ್ಕಿದರು. "ಅದು ನಂದಲ್ಲ. ಅವನ ಖಾತೆಗೆ ಬರೆದಿದೀನಿ" ಅಂದು, ತಟ್ಟೆಯನ್ನು ಮೊಸರಿಗೆ ಮುಂದೆ ಚಾಚಿದರು.